ಇನ್ನೂರು ಮೀಟರಿನಾಚೆ

ಸರ್ಕಾರಿ ನೌಕರನಿಗೆ ರಾಜಕೀಯ ಇರಕೂಡದು ಎನ್ನುವುದು ನಿಯಮ. ನಿವೃತ್ತನಿಗೆ ಅದು ಬಿಟ್ಟು ಬೇರೇನೂ ಇರುವುದಿಲ್ಲ ಎನ್ನುವುದು ವಾಸ್ತವ. ಹೈಸ್ಕೂಲ್ ಮೇಷ್ಟ್ರಾಗಿದ್ದಷ್ಟು ಕಾಲ ನಾನು ಚುನಾವಣೆಯನ್ನು ಒಳಗಿನಿಂದ ಕಂಡವನು. ಮಸ್ಟರಿಂಗ್ ದಿನ ಮೈದಾನದಲ್ಲಿ ಬೆವರು ಸುರಿಸುತ್ತ ಯಂತ್ರ, ಶಾಯಿ, ಅರಗು, ಬಗೆಬಗೆಯ ನಮೂನೆಗಳನ್ನು ಎಣಿಸಿಕೊಂಡು, ಯಾವುದೋ ಊರಿನ ಶಾಲೆಯ ಬೆಂಚುಗಳನ್ನು ಜೋಡಿಸಿ ಮಲಗಿ, ರಾತ್ರಿಯಿಡೀ ಸೊಳ್ಳೆಗಳಿಗೆ ರಕ್ತದಾನ ಮಾಡಿ, ಬೆಳಗಾದರೆ ಅಪರಿಚಿತರ ಎಡಗೈ ತೋರುಬೆರಳು ಹಿಡಿದು ಕೂರುವುದೇ ನನ್ನ ಪಾಲಿನ ಪ್ರಜಾಪ್ರಭುತ್ವವಾಗಿತ್ತು. ನಿವೃತ್ತಿಯಾದ ಮೇಲೆ ಅದೇ ಪ್ರಜಾಪ್ರಭುತ್ವದ ಹೊರಬಾಗಿಲಲ್ಲಿ ನಿಂತೆ. ನಿಖರವಾಗಿ ಹೇಳಬೇಕೆಂದರೆ, ಬಾಗಿಲಿನಿಂದ ಇನ್ನೂರು ಮೀಟರ್ ದೂರದಲ್ಲಿ.

ನನ್ನನ್ನು ಎಳೆದು ತಂದವರು ನನ್ನ ಹೆಂಡತಿಯ ಸೋದರಮಾವ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಅವರು ಬೂತ್ ಅಧ್ಯಕ್ಷರು. ಪಕ್ಷ ಯಾವುದು ಎಂದು ದಯವಿಟ್ಟು ಕೇಳಬೇಡಿ. ಉಪ್ಪಿಟ್ಟು ಎಲ್ಲ ಪಕ್ಷಗಳಲ್ಲೂ ಒಂದೇ ಥರ ಇರುತ್ತದೆ. 2023ರ ವಿಧಾನಸಭಾ ಚುನಾವಣೆ ಹತ್ತಿರ ಬಂದಾಗ ಮನೆಗೆ ಬಂದು, ಕಾಫಿ ಕುಡಿದು, “ಮೇಷ್ಟ್ರೇ, ನಿಮ್ಮಂಥ ಬುದ್ಧಿವಂತರು ಮನೇಲಿ ಕೂತ್ರೆ ದೇಶದ ಗತಿ ಏನು?” ಎಂದರು. ನಾನು ಪ್ರಣಾಳಿಕೆ ತಿದ್ದಲು ಕರೆಯುತ್ತಿದ್ದಾರೆ ಎಂದುಕೊಂಡು ಕನ್ನಡಕ ಹಾಕಿಕೊಂಡೆ. ಮಾವ ಜೇಬಿನಿಂದ ಮಡಚಿದ ಒಂದು ಹಾಳೆ ತೆಗೆದು ಕೈಗಿತ್ತರು. ಮತದಾರರ ಪಟ್ಟಿಯ ಒಂದು ಹಾಳೆ. ಪುಟಕ್ಕೆ ಮೂವತ್ತು ಹೆಸರು, ಹಿಂದೆ ಮುಂದೆ ಸೇರಿ ಅರವತ್ತು.

ಈ ಹಾಳೆ ಹಿಡಿದವನನ್ನು ಒಂದು ಪಕ್ಷ ಪೇಜ್ ಪ್ರಮುಖ್ ಎನ್ನುತ್ತದೆ, ಇನ್ನೊಂದು ಬೂತ್ ಏಜೆಂಟ್ ಎನ್ನುತ್ತದೆ, ಮತ್ತೊಂದು “ಲೇ, ಬಾರೋ ಇಲ್ಲಿ” ಎನ್ನುತ್ತದೆ. ಕೆಲಸ ಮಾತ್ರ ಒಂದೇ. ಆ ಅರವತ್ತು ಜನ ಬದುಕಿದ್ದಾರೆಯೇ, ಅದೇ ಮನೆಯಲ್ಲಿದ್ದಾರೆಯೇ, ಅವರಿಗೆ ನಮ್ಮ ಮೇಲೆ ಸಿಟ್ಟಿದೆಯೇ, ಇದ್ದರೆ ಅದು ರಸ್ತೆಯ ಕಾರಣಕ್ಕೋ ಒಳಚರಂಡಿ ಕಾರಣಕ್ಕೋ ಎಂದು ತಿಳಿದುಬರುವುದು. ಪೆನ್ಸಿಲಿನಲ್ಲಿ ಹೆಸರಿನ ಮುಂದೆ ಎ, ಬಿ ಅಥವಾ ಸಿ ಎಂದು ಗುರುತು ಹಾಕುವುದು. ಎ ಎಂದರೆ ನಮ್ಮವರು, ಬಿ ಎಂದರೆ ಅವರವರು, ಸಿ ಎಂದರೆ ಅನುಮಾನ. ಮೊದಲ ಸುತ್ತು ಮುಗಿದಾಗ ನನ್ನ ಹಾಳೆಯಲ್ಲಿ ಎಲ್ಲರ ಮುಂದೆಯೂ ಎ ಇತ್ತು. ಮಾವ ಅದನ್ನು ನೋಡಿ, ಅಳಿಸುವ ರಬ್ಬರನ್ನು ನನ್ನ ಮುಂದಿಟ್ಟು, “ಮೇಷ್ಟ್ರೇ, ನೀವು ಪರೀಕ್ಷೇಲೂ ಹಿಂಗೇ ಎಲ್ಲಾರನ್ನೂ ಪಾಸ್ ಮಾಡ್ತಿದ್ರಾ?” ಎಂದು ಕೇಳಿದರು.

ಮತದಾರರ ಪಟ್ಟಿಯಂಥ ಸ್ವಾರಸ್ಯದ ಪುಸ್ತಕವನ್ನು ನಾನು ಗ್ರಂಥಾಲಯದಲ್ಲಿ ಕಂಡಿಲ್ಲ. ನಲವತ್ತೆರಡನೆಯ ಮನೆ ನಲವತ್ತೊಂದರ ಪಕ್ಕದಲ್ಲಿ ಇರಲೇಬೇಕೆಂಬ ಹಟ ಅದಕ್ಕಿಲ್ಲ. ಒಂದು ಕ್ರಾಸ್ ಹಾರಿ, ಪಾರ್ಕ್ ದಾಟಿ, ಹಿಟ್ಟಿನ ಗಿರಣಿಯ ಹಿಂದೆ ಇರುತ್ತದೆ. ಒಂದೇ ಹಾಸಿಗೆಯಲ್ಲಿ ಮಲಗುವ ಗಂಡ ಹೆಂಡಿರನ್ನು ಎರಡು ಬೇರೆ ಬೇರೆ ಶಾಲೆಗಳಿಗೆ ಓಡಿಸುತ್ತದೆ. ಮದುವೆಯಾಗಿ ಹುಬ್ಬಳ್ಳಿಗೆ ಹೋದ ಹುಡುಗಿ ಪಟ್ಟಿಯಲ್ಲಿ ತವರು ಬಿಟ್ಟು ಕದಲಿಲ್ಲ. ನಾನೇ ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿದ, ಮೀಸೆ ಬಿಟ್ಟ ಶಿಷ್ಯನೊಬ್ಬ ಅಲ್ಲಿ ಮಹಿಳಾ ಮತದಾರ. ಅವನೇನೂ ಬೇಜಾರು ಮಾಡಿಕೊಂಡಿರಲಿಲ್ಲ. “ಲೇಡೀಸ್ ಕ್ಯೂ ಬೇಗ ಹೋಗುತ್ತೆ ಬಿಡಿ ಸಾರ್” ಎಂದ.

ಅಪಾಯ ಇರುವುದು ವಯಸ್ಸಿನ ಕಲಮಿನಲ್ಲಿ. ಖಚಿತಪಡಿಸಿಕೊಳ್ಳುವ ಶಿಕ್ಷಕ ಬುದ್ಧಿಯಿಂದ ಒಂದು ಮನೆಯ ಗೇಟಿನಲ್ಲಿ ನಿಂತು, “ವಯಸ್ಸು ಅರವತ್ತೊಂದು, ಸರೀನಾಮ್ಮಾ?” ಎಂದು ಗಟ್ಟಿಯಾಗಿ ಓದಿದೆ. ಒಳಗೆ ಲಲಿತಾ ಸಹಸ್ರನಾಮ ಮುಗಿಸಿ ಕುಂಕುಮ ತೆಗೆದುಕೊಳ್ಳುತ್ತಿದ್ದ ಮಹಿಳಾ ಸಮಾಜದವರೆಲ್ಲ ತಿರುಗಿ ನೋಡಿದರು. ಆ ಮನೆಯ ಮೂರು ವೋಟು ಅಂದೇ ಎದುರಾಳಿಯ ಖಾತೆಗೆ ಜಮೆಯಾಯಿತು. ಅಲ್ಲಿಂದಾಚೆಗೆ ಹೆಂಗಸರ ವಯಸ್ಸನ್ನು ಕಣ್ಣಿನಲ್ಲೇ ಓದಿ, ತುಟಿ ಬಿಚ್ಚದೆ ಟಿಕ್ ಹಾಕುವುದನ್ನು ರೂಢಿಸಿಕೊಂಡೆ.

ತೀರಿಹೋದವರ ಹೆಸರುಗಳೂ ಇರುತ್ತವೆ. ಅವನ್ನು ತೆಗೆಸಲು ನಮೂನೆ 7 ಎಂಬ ಅರ್ಜಿ ಇದೆ. ಬರೆಯುವುದು ಕಷ್ಟವಲ್ಲ, ಕೇಳುವುದು ಕಷ್ಟ. ಗಂಡ ಹೋಗಿ ಬಹಳ ವರ್ಷವಾಗಿದ್ದ ಒಬ್ಬ ಅಜ್ಜಿ ಪಟ್ಟಿಯಲ್ಲಿ ಅವರ ಮಸುಕು ಫೋಟೋ ನೋಡಿ, “ರೇಷನ್ ಕಾರ್ಡಿಂದ ತೆಗೆದ್ರು, ಬ್ಯಾಂಕಿಂದ ತೆಗೆದ್ರು. ಇಲ್ಲೊಂದಾದ್ರೂ ಇರ್ಲಿ ಬಿಡಪ್ಪಾ” ಎಂದರು. ಕಾನೂನಿನ ಪ್ರಕಾರ ಇರಬಾರದು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಅರ್ಜಿಯನ್ನು ಮಗನ ಕೈಗೆ ಕೊಟ್ಟು ಬಂದೆ.

ಅಪಾರ್ಟ್‌ಮೆಂಟುಗಳದು ಇನ್ನೊಂದು ಲೋಕ. ಗೇಟಿನ ರಿಜಿಸ್ಟರಿನಲ್ಲಿ ಹೆಸರು, ಫೋನ್ ನಂಬರ್, ಬಂದ ಉದ್ದೇಶ ಬರೆಯಬೇಕು. ಉದ್ದೇಶ ಎಂಬಲ್ಲಿ ನಾನು ಮುತ್ತಿನಂಥ ಅಕ್ಷರದಲ್ಲಿ ‘ಪ್ರಜಾಪ್ರಭುತ್ವ’ ಎಂದು ಬರೆದೆ. ಕಾವಲುಗಾರ ಅದನ್ನು ಎರಡು ಸಲ ಓದಿ, ಹೊಡೆದುಹಾಕಿ, ಪಕ್ಕದಲ್ಲಿ ‘ಕೊರಿಯರ್’ ಎಂದು ಬರೆದು ಒಳಗೆ ಬಿಟ್ಟ. ಅವನ ತಿದ್ದುಪಡಿಯೇ ಸರಿ. ಲಿಫ್ಟು ನಿಂತಿತ್ತು, ಮೂರನೇ ಮಹಡಿಯಲ್ಲಿ ಬಾಗಿಲು ಎರಡಿಂಚು ತೆರೆಯಿತು, ಕೈಯೊಂದು ಬಂದು ಕರಪತ್ರ ತೆಗೆದುಕೊಂಡು ಒಳಹೋಯಿತು.

ಸಾಮಾನ್ಯ ಮನೆಗಳಲ್ಲಿ ಹಾಗಲ್ಲ. ಕೂರಿಸುತ್ತಾರೆ, ನೀರು ಕೊಡುತ್ತಾರೆ, ಆಮೇಲೆ ಬಯ್ಯುತ್ತಾರೆ. ಮ್ಯಾನ್‌ಹೋಲ್ ಉಕ್ಕಿದ್ದು, ಬೀದಿದೀಪ ಕೆಟ್ಟಿದ್ದು, ಮಗನಿಗೆ ಕೆಲಸ ಸಿಗದಿದ್ದು ಎಲ್ಲದಕ್ಕೂ ಎದುರಿಗೆ ಸಿಕ್ಕಿದ ಸರ್ಕಾರ ನಾನೊಬ್ಬನೇ. ಬಯ್ದು ಮುಗಿಸಿ ಕೊನೆಗೆ ಎಲ್ಲರೂ ಹೇಳುವ ಮಾತು ಒಂದೇ: “ನಮ್ಮ ವೋಟು ನಿಮಗೇ ಸಾರ್, ಯೋಚನೆ ಮಾಡ್ಬೇಡಿ.” ನನ್ನ ಹಿಂದೆಯೇ ಬಂದ ಇನ್ನೊಂದು ಪಕ್ಷದವರಿಗೂ ಅದೇ ನೀರು, ಅದೇ ಬೈಗುಳ, ಅದೇ ಮಾತು. ಕೆಲವು ಮನೆಗಳಲ್ಲಿ ಮಾತ್ರ ಮೆಲ್ಲಗೆ, “ನಿಮ್ಮ ಕಡೆಯಿಂದ ಏನೂ ಇಲ್ವಾ?” ಎಂಬ ಪ್ರಶ್ನೆ ಬರುತ್ತಿತ್ತು. ಕುಕ್ಕರಿನ ಕಾಲ ಇದು. ಅದನ್ನು ಹಂಚುವವರ ತಂಡ ಬೇರೆ, ಚೀಟಿ ಹಂಚುವವರ ತಂಡ ಬೇರೆ. ಹತ್ತುವುದು ಅವೇ ಮೆಟ್ಟಿಲುಗಳನ್ನು. ನಾವು ಹಗಲಲ್ಲಿ, ಅವರು ರಾತ್ರಿಯಲ್ಲಿ. ವಿಧಾನಸಭೆಗೆ ನಿಂತ ಅಭ್ಯರ್ಥಿ ಖರ್ಚು ಮಾಡಬಹುದಾದದ್ದು 40 ಲಕ್ಷ ರೂಪಾಯಿ ಎಂದು ನಿಯಮ. ಜಿಲ್ಲಾ ಚುನಾವಣಾಧಿಕಾರಿಗಳು ಹೊರಡಿಸುವ ದರಪಟ್ಟಿಯಲ್ಲಿ ನಾವು ಕುಡಿಯುವ ಟೀಗೂ ಒಂದು ದರ ಇರುತ್ತದೆ. ಕುಕ್ಕರಿನವರ ಲೆಕ್ಕ ಯಾವ ನಮೂನೆಯಲ್ಲಿ ಹೋಗುತ್ತದೆ ಎಂಬುದು ಇಷ್ಟು ನಮೂನೆ ಬಲ್ಲ ನನಗೂ ತಿಳಿಯದು.

ದಣಿದು ಬಂದ ಕಾರ್ಯಕರ್ತರಿಗೆ ಹುರುಪು ತುಂಬಲು ಮಾವನ ಬಳಿ ಇದ್ದದ್ದು ಸಂತೇಮರಹಳ್ಳಿಯ ಪುರಾಣ. ಪ್ರತಿ ಸಭೆಯಲ್ಲೂ ಅದನ್ನೇ ಹೇಳುತ್ತಿದ್ದರು. 2004ರಲ್ಲಿ, ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ವೋಟಿನಿಂದ. ಅವರಿಗೆ 40,752, ಎದುರಾಳಿಗೆ 40,751. ಸೋತವರ ಕಾರಿನ ಡ್ರೈವರಿಗೆ ಅಂದು ವೋಟು ಹಾಕಲು ಪುರುಸೊತ್ತು ಸಿಕ್ಕಿರಲಿಲ್ಲ ಎಂದು ಜನ ಸೇರಿಸಿ ಹೇಳುತ್ತಾರೆ. ಕತೆ ಈ ಘಟ್ಟಕ್ಕೆ ಬಂದಾಗಲೆಲ್ಲ ನಮ್ಮ ತಂಡದ ಆಟೋ ಹುಡುಗ ಕಾಲ ಮೇಲೆ ಕಾಲು ಹಾಕಿಕೊಳ್ಳುತ್ತಿದ್ದ. 2023ರ ಫಲಿತಾಂಶದ ದಿನ, ಬೆಂಗಳೂರಿನ ಜಯನಗರದಲ್ಲಿ ಮರು ಎಣಿಕೆ ರಾತ್ರಿಯವರೆಗೆ ನಡೆದು ಹದಿನಾರು ವೋಟಿನ ಅಂತರದಲ್ಲಿ ಗೆಲುವು ತೀರ್ಮಾನವಾದಾಗ ಮಾವ ಟಿ.ವಿ. ಮುಂದೆ ಎದ್ದು ನಿಂತುಬಿಟ್ಟರು. ಪುರಾಣಕ್ಕೆ ಹೊಸದೊಂದು ಪರ್ವ ಸಿಕ್ಕ ಸಂತೋಷ ಅದು. ಹದಿನಾರು ಎಂದರೆ ನನ್ನ ಹಾಳೆಯಲ್ಲಿ ಅರ್ಧವೂ ಆಗಲಿಲ್ಲ.

ಅಭ್ಯರ್ಥಿಯನ್ನು ನಾವು ಕಂಡದ್ದು ಒಮ್ಮೆ. ಕ್ರೇನಿನಲ್ಲಿ ಸೇಬಿನ ಹಾರ ಇಳಿಬಿಟ್ಟಿದ್ದರು. ಕೆಳಗೆ ಸೇಬಿಗಾಗಿ ನಡೆದ ನೂಕುನುಗ್ಗಲಿನಲ್ಲಿ ಯಾರೋ ನನ್ನ ಕೈ ಹಿಡಿದು “ಚೆನ್ನಾಗಿದ್ದೀರಾ?” ಎಂದು ಕೇಳಿ ಮುಂದೆ ಹೋದರು. ಅವರೇ ಅಭ್ಯರ್ಥಿ ಎಂದು ಆಮೇಲೆ ವಾಟ್ಸಾಪಿನಲ್ಲಿ ನೋಡಿ ತಿಳಿಯಿತು.

ಇನ್ನು ಮತದಾನದ ದಿನ, ಮೇ 10. ಪಕ್ಷಗಳ ಮೇಜು ಆಗ ಮತಗಟ್ಟೆಯಿಂದ 200 ಮೀಟರ್ ಆಚೆ ಇರಬೇಕಿತ್ತು. ಒಂದು ಮೇಜು, ಎರಡು ಕುರ್ಚಿ, ನೆರಳಿಗೆ ಒಂದು ಕೊಡೆ ಅಥವಾ ಟಾರ್ಪಾಲು. ಕೊಡುವ ಚೀಟಿ ಬಿಳಿ ಹಾಳೆಯದಾಗಿರಬೇಕು. ಅದರ ಮೇಲೆ ಪಕ್ಷದ ಹೆಸರಾಗಲಿ ಚಿಹ್ನೆಯಾಗಲಿ ಇರಕೂಡದು. ಇನ್ನೂರು ಮೀಟರನ್ನು ಅಳೆದವರು ಒಬ್ಬ ಪೊಲೀಸಪ್ಪ, ಹೆಜ್ಜೆ ಲೆಕ್ಕದಲ್ಲಿ. ಆರಡಿ ಎತ್ತರದ ಆಳು. ಅವರ ಇನ್ನೂರು ಮೀಟರ್ ಮುಗಿದಾಗ ಶಾಲೆಯೇ ಕಾಣುತ್ತಿರಲಿಲ್ಲ. “ಸಾರ್, ಸ್ವಲ್ಪ ಗಿಡ್ಡಗಿರೋರು ಯಾರಾದ್ರೂ ಇದ್ರೆ ಕಳಿಸಿ” ಎಂದು ಆಟೋ ಹುಡುಗ ಕೇಳಿ ಬೈಸಿಕೊಂಡ.

ಅಷ್ಟು ದೂರದಲ್ಲಿ ನೆರಳಿದ್ದದ್ದು ಒಂದೇ ಹೊಂಗೆ ಮರದ ಕೆಳಗೆ. ಆದ್ದರಿಂದ ಟಿ.ವಿ.ಯಲ್ಲಿ ಒಬ್ಬರನ್ನೊಬ್ಬರು ಹರಿದು ತಿನ್ನುವ ಮೂರು ಪಕ್ಷಗಳೂ ಆ ಮರದ ಬುಡದಲ್ಲಿ ಸಾಲಾಗಿ ಕೂತವು. ಪಕ್ಕದ ಮೇಜಿನ ಯಜಮಾನರು ನಮ್ಮ ಮನೆಗೆ ರಾಗಿ ಬೀಸಿಕೊಡುವ ಗಿರಣಿಯವರು. ಬೆಳಗ್ಗೆ ಏಳಕ್ಕೆ ಮತದಾನ ಶುರುವಾದಾಗ ಎಲ್ಲರೂ ಗಂಭೀರ. ಒಂಬತ್ತರ ಹೊತ್ತಿಗೆ ಗಿರಣಿಯವರ ಪಟ್ಟಿಯ ಒಂದು ಹಾಳೆ ಗಾಳಿಗೆ ಹಾರಿ ಚರಂಡಿ ಸೇರಿತು. ಅವರ ಕಡೆಯ ಮತದಾರರಿಗೂ ನಾನೇ ಭಾಗದ ಸಂಖ್ಯೆ, ಕ್ರಮಸಂಖ್ಯೆ ನೋಡಿ ಬರೆದುಕೊಟ್ಟೆ. ಹೇಗಿದ್ದರೂ ಚೀಟಿ ಬಿಳಿ. ಬದಲಿಗೆ ಅವರು ಸ್ಟೇಪ್ಲರ್ ಕೊಟ್ಟರು. ಹನ್ನೊಂದಕ್ಕೆ ನಮ್ಮ ಪಕ್ಷದ ಉಪ್ಪಿಟ್ಟು ಬರಲಿಲ್ಲ. ಅವರ ಪಕ್ಷದ್ದು ಬಂತು, ನಾವು ತಿಂದೆವು. ಉಪ್ಪು ಕಡಿಮೆ ಎಂದು ಟೀಕಿಸುವ ಹಕ್ಕನ್ನು ಮಾತ್ರ ವಿರೋಧ ಪಕ್ಷವಾಗಿ ಉಳಿಸಿಕೊಂಡೆವು.

ಮತಗಟ್ಟೆಯೊಳಗೆ ಏಜೆಂಟಾಗಿ ಕೂತಿದ್ದ ನಮ್ಮ ಹುಡುಗ ಬೆಳಗಿನ ಅಣಕು ಮತದಾನ ನೋಡಿ ಗಾಬರಿಯಾಗಿ ಫೋನ್ ಮಾಡಿದ್ದನಂತೆ, ನಾವು ಪಕ್ಷೇತರನಿಗಿಂತ ಹಿಂದಿದ್ದೇವೆ ಎಂದು. ಯಂತ್ರ ಸರಿಯಿದೆಯೇ ಎಂದು ನೋಡಲು ಕನಿಷ್ಠ 50 ವೋಟು ಒತ್ತಿ, ಎಣಿಸಿ, ಅಳಿಸಿದ ಮೇಲೆಯೇ ನಿಜವಾದ ಮತದಾನ. ಅದರಲ್ಲಿ ಎಲ್ಲ ಅಭ್ಯರ್ಥಿಗಳಿಗೂ ವೋಟು ಬೀಳಲೇಬೇಕು. ಕೆಲವು ಪಕ್ಷೇತರರಿಗೆ ಇಡೀ ಚುನಾವಣೆಯಲ್ಲಿ ಆ ಬೂತಿನ ಅತ್ಯುತ್ತಮ ಸಾಧನೆ ಅದೇ.

ನಮ್ಮ ಬೀದಿಯ ಅತಿ ಹಿರಿಯ ಮತದಾರೆ ಬಂದದ್ದು ಬಿಸಿಲು ಇಳಿದ ಮೇಲೆ. ಎಂಬತ್ತು ದಾಟಿದವರಿಗೆ ಆ ಸಲ ಮನೆಯಲ್ಲೇ ವೋಟು ಹಾಕುವ ಅವಕಾಶ ಇತ್ತು. ನಮೂನೆ 12ಡಿ ಹಿಡಿದು ನಾನೇ ಹೋಗಿದ್ದೆ. “ಮನೇಲಿ ಹಾಕಿದ್ರೆ ಯಾರು ನೋಡ್ತಾರೆ? ಮೊಮ್ಮಗಳು ಕೊಡ್ಸಿದ ಸೀರೆ ಉಡೋದು ಯಾವಾಗ?” ಎಂದು ಅರ್ಜಿ ವಾಪಸು ಕೊಟ್ಟಿದ್ದರು. ಮತದಾರರನ್ನು ಅಭ್ಯರ್ಥಿಯ ಕಡೆಯವರು ಪುಕ್ಕಟೆ ವಾಹನದಲ್ಲಿ ಕರೆತರುವುದು ಅಪರಾಧ ಎಂದು ನಾನು ತಡೆದದ್ದರಿಂದ ಆಟೋ ಹುಡುಗ ದೂರ ನಿಂತ. ಅಜ್ಜಿ ಮೊಮ್ಮಗಳ ಭುಜ ಹಿಡಿದು ನಡೆದೇ ಬಂದರು. ಮೂರೂ ಮೇಜಿನ ಬಳಿ ನಿಂತು, ಮೂವರಿಂದಲೂ ಒಂದೊಂದು ಚೀಟಿ ತೆಗೆದುಕೊಂಡು, ಮೂವರ ತಾಯಂದಿರ ಆರೋಗ್ಯ ವಿಚಾರಿಸಿದರು. ವಾಪಸು ಬರುವಾಗ ಬೆರಳು ಮೇಲೆತ್ತಿ ತೋರಿಸಿದರು. ಮೈಸೂರು ಪಾಕು, ಸ್ಯಾಂಡಲ್ ಸೋಪು, ವೋಟಿನ ಶಾಯಿ ಮೂರಕ್ಕೂ ನಮ್ಮೂರಿನ ನಂಟಿದೆ, ಮೊದಲೆರಡು ಕರಗುತ್ತವೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಕಟ್ಟಿಸಿದ ಕಾರ್ಖಾನೆಯಿಂದ 1962ರ ಚುನಾವಣೆಯಲ್ಲಿ ಹೊರಟ ಆ ಶಾಯಿಯನ್ನು ನಾನು ಎಷ್ಟೋ ಬೆರಳುಗಳಿಗೆ ಹಚ್ಚಿದ್ದೇನೆ. ಒಂದು ಬೆರಳಾದರೂ ತಾನು ಒತ್ತಿದ ಗುಂಡಿ ಯಾವುದೆಂದು ಹೇಳಿದ್ದಿಲ್ಲ. ಅಜ್ಜಿಯೂ ಹೇಳಲಿಲ್ಲ.

ನಮ್ಮವರು ಗೆದ್ದರೋ ಸೋತರೋ ಹೇಳಿದರೆ ಪಕ್ಷ ಗೊತ್ತಾಗಿಬಿಡುತ್ತದೆ. ಮಾವನಿಗೆ ಬೇಕಾದದ್ದು ಕ್ಷೇತ್ರದ ಫಲಿತಾಂಶವಲ್ಲ, ನಮ್ಮ ಬೂತಿನದು. ಅದು ಕೈಗೆ ಬಂದಾಗ ನನ್ನ ಪೆನ್ಸಿಲ್ ಗುರುತುಗಳನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದರು. ಮೂರೂ ಪಕ್ಷಗಳಿಗೆ ಸಿಕ್ಕಿದ್ದ ‘ನಮ್ಮ ವೋಟು ನಿಮಗೇ’ಗಳನ್ನು ಗಿರಣಿಯವರ ಜೊತೆ ಕೂತು ಕೂಡಿದಾಗ, ಅದು ಬೂತಿನ ಒಟ್ಟು ಮತದಾರರಿಗಿಂತ ಎರಡು ಪಟ್ಟು ಮೀರಿತ್ತು. ಮಾತು ಕೊಡುವುದರಲ್ಲಿ ರಾಜಕಾರಣಿಗಳನ್ನೇ ಯಾಕೆ ದೂರುತ್ತೇವೋ ನನಗರ್ಥವಾಗುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮುಂದಿನ ಚುನಾವಣೆಗೂ ಹಾಳೆ ಹಿಡಿದ ಯಾರೋ ಒಬ್ಬರು ನಿಮ್ಮ ಗೇಟು ತಟ್ಟುತ್ತಾರೆ. ವೋಟು ನಿಮಗೆ ಬೇಕಾದವರಿಗೆ ಹಾಕಿ, ಅವರಿಗೆ ಹೇಳುವುದನ್ನು ಹೇಳಿ. ನಾಯಿಯನ್ನು ಮಾತ್ರ ಕಟ್ಟಿಹಾಕಿ. ಮನೆ ಬದಲಿಸಿದ್ದರೆ ನಮೂನೆ 8 ತುಂಬಿ. ಹೆಸರಿನ, ವಯಸ್ಸಿನ ತಪ್ಪಿಗೂ ಅದೇ ಅರ್ಜಿ. ಮಗಳಿಗೆ ಹದಿನೆಂಟು ತುಂಬಿದ್ದರೆ ನಮೂನೆ 6. ಎರಡೂ ನನ್ನ ಬಳಿ ಕಟ್ಟುಗಟ್ಟಲೆ ಇವೆ. ಗಿರಣಿಯಲ್ಲೂ ಇಟ್ಟಿದ್ದೇನೆ, ರಾಗಿ ಬೀಸಿಸಲು ಹೋದಾಗ ಕೇಳಿ ಪಡೆಯಿರಿ.