ಜೇಬಲ್ಲಿ ಟಾರ್ಚ್ ಇಟ್ಕೊಂಡು ಗೊರವನಹಳ್ಳಿಗೆ

ಶುಕ್ರವಾರ ಗೊರವನಹಳ್ಳಿಗೆ ಹೋಗಿದ್ರಂತೆ? ಮಹಾಲಕ್ಷ್ಮಿ ದರ್ಶನ ಚೆನ್ನಾಗಾಯ್ತಾ? ಸಂತೋಷ. ಆದ್ರೆ ದೇವಸ್ಥಾನಕ್ಕೆ ಹೋಗೋರ ಜೇಬಲ್ಲಿ ಪುಟಾಣಿ ಟಾರ್ಚ್ ಯಾಕ್ರೀ ಇತ್ತು? (ಕರೆಂಟ್ ಹೋದ್ರೆ ಬೇಕಾಗುತ್ತೆ ಅಂತ ಮನೇಲಿ ಹೇಳಿರ್ತೀರಿ. ಬೆಳಗ್ಗೆ ಹತ್ತು ಗಂಟೆಗೆ!) ದುಡ್ಡು ಕೊಡು ತಾಯಿ ಅಂತ ಕೇಳೋಕೆ ಜನ ಅಲ್ಲಿಗೆ ಬರ್ತಾರೆ. ಇದ್ದ ದುಡ್ಡನ್ನೂ ಪಕ್ಕದ ಹಳ್ಳೀಲಿ ಬಿಟ್ಟು ಬಂದೋರು ನೀವೊಬ್ರೇ.

ನನ್ನ ಹತ್ರ ಮುಚ್ಚಿಡಬೇಡಿ. ಫಿಲ್ಮ್ ಕ್ಯಾಮೆರಾ ಹುಳ ಕಡಿದೋರನ್ನ ದೂರದಿಂದ್ಲೇ ಗುರುತು ಹಿಡೀತೀನಿ, ನಂಗೂ ಕಡಿದಿದೆ. ಬಾಡಿ ತಗೊಂಡಾಯ್ತು, ಅದರ ಜತೆ 50 ಎಂಎಂ ಲೆನ್ಸ್ ಬಂತು. ಅಲ್ಲಿಗೆ ಸುಮ್ನಿರಬಹುದಿತ್ತು. ಸುಮ್ನಿದ್ರಾ?

ಹಳೇ ಲೆನ್ಸಿಗೆ ಕೊರಟಗೆರೆ, ಮಧುಗಿರಿ ಕಡೆ ಹುಡುಕ್ತೀರಲ್ಲ, ಅದಕ್ಕೆ ಮಾತ್ರ ಭೇಷ್ ಅಂತೀನಿ. ಡಿಜಿಟಲ್ ಬರೋವರೆಗೂ ಹೋಬಳಿಗೊಂದು ಸ್ಟುಡಿಯೋ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಎಲ್ಲ ಅವರದೇ. ಆ ಲೆನ್ಸುಗಳು ಈಗ ಟ್ರಂಕಲ್ಲಿ ರೇಷ್ಮೆ ಸೀರೆ ಪಕ್ಕ, ನುಸಿಗುಳಿಗೆ ವಾಸನೇಲಿ ಮಲಗಿವೆ.

ಇನ್ನೊಂದು ಗುಟ್ಟು. ಲೆನ್ಸಿಗೆ ಬೂಷ್ಟು ಹಿಡಿಯೋಕೆ ತೇವ ಬೇಕು. ನಮ್ಮ ಶಿರಾ, ಪಾವಗಡದ ಕಡೆ ಮಳೆ ಅನ್ನೋದು ಬೀಗರಿದ್ದ ಹಾಗೆ, ಕರೆದ್ರೂ ಬರಲ್ಲ. ಬರಗಾಲದ ಸೀಮೆ ಅಂತ ತಲೆಮಾರಿನಿಂದ ಬೈಸ್ಕೊಂಡಿದ್ದಕ್ಕೆ ಇದೊಂದು ಲಾಭ. ಕರಾವಳಿ ಲೆನ್ಸಲ್ಲಿ ಜೇಡರ ಬಲೆ ಥರ ಬೂಷ್ಟು ಕಂಡ್ರೆ, ನಮ್ಮ ಕಡೇದರಲ್ಲಿ ಫೋಕಸ್ ರಿಂಗ್ ತಿರುಗಿಸಿದ್ರೆ ಕರಕರ ಅನ್ನುತ್ತೆ. ಧೂಳು! (ಹಾಗಂತ ನೆಚ್ಚಿಕೊಂಡು ಕೂರಬೇಡಿ. ಆ ಟ್ರಂಕು ಬಚ್ಚಲ ಪಕ್ಕ ಇತ್ತೋ ಏನೋ, ಯಾರಿಗ್ಗೊತ್ತು?)

ಹೋದ್ವರ್ಷ ನಾನೂ ಹಿಂಗೇ ಹೋಗಿದ್ದೆ. ಸ್ಟುಡಿಯೋ ಮುಚ್ಚಿ ಕೂತಿದ್ದ ಹಿರಿಯರೊಬ್ಬರ ಮನೆ. ಟವಲ್ಲಲ್ಲಿ ಸುತ್ತಿದ ಪೆಂಟಾಕಾನ್ 135 ಎಂಎಂ ತೆಗೆದಿಟ್ರು. ಪೂರ್ವ ಜರ್ಮನಿ ಮಾಲು, ಹಳೇ ಮಾದರಿ, ಒಳಗೆ ಅಪರ್ಚರ್‌ಗೆ 15 ಎಲೆ! ರಿಂಗ್ ತಿರುಗಿಸ್ತಾ ಹೋದ್ರೆ ಹೂವು ಮೊಗ್ಗಾದ ಹಾಗೆ ದುಂಡಗೆ ಮುಚ್ಚಿಕೊಳ್ಳುತ್ತೆ. ನಾನು ಟಾರ್ಚ್ ಬಿಟ್ಟು, ಒಂದು ಕಣ್ಣು ಮುಚ್ಚಿ, ಎಲೆ ಮೇಲೆ ಎಣ್ಣೆ ಪಸೆ ಇದೆಯಾ, ಗಾಜು ಮಂಜಾಗಿದೆಯಾ ಅಂತ ನೋಡ್ತಿದ್ರೆ, ‘ಏನಪ್ಪಾ, ಕಣ್ಣಿನ ಡಾಕ್ಟ್ರಾ ನೀನು?’ ಅಂದ್ರು.

ಆಮೇಲೆ ಕದ ಮುಚ್ಚಿದ್ರು. ಕಿಟಕಿ ಒಂದು ತೆರೆದಿತ್ತು. ಲೆನ್ಸನ್ನ ಕಿಟಕಿ ಕಡೆ ಹಿಡಿದು, ಹಿಂದೆ ಎರಡು ಮೂರು ಬೆರಳಗಲದಲ್ಲಿ ಒಂದು ಬಿಳೀ ಕಾಗದ ಹಿಡಿದ್ರು. ಕಾಗದದ ಮೇಲೆ ಆಚೆ ಕಡೆ ತೆಂಗಿನಮರ, ತಲೆಕೆಳಗಾಗಿ, ಬಣ್ಣ ಬಣ್ಣವಾಗಿ! ಅದರ ಬುಡದಲ್ಲಿ ಕಾಲು ಮೇಲೆ ಮಾಡ್ಕೊಂಡು ಒಂದು ಮೇಕೆ ನಡ್ಕೊಂಡು ಹೋಯ್ತು. ‘ಗಾಜು ಬದುಕೈತೆ ಕಣಪ್ಪಾ’ ಅಂದ್ರು. ಮೇಕೆ ಹೋದ ಮೇಲೆ ನಾನಿನ್ನೇನು ಚೌಕಾಸಿ ಮಾಡ್ಲಿ? 1500 ಅಂದ್ರು, 1200ಕ್ಕೆ ಮುಗೀತು.

ದುಡ್ಡು ಎಣಿಸಿ ಕೊಟ್ಟ ಮೇಲೆ ಕೇಳಿದ್ರು, ‘ಬಾಡಿ ಯಾವುದು?’ ನಿಕಾನ್ ಅಂದೆ. ಅವರು ನಗೋಕೆ ಶುರು ಮಾಡಿದ್ರು. ‘ಇದು ತಿರುಪಿಂದು ಕಣಪ್ಪಾ. ಅದಕ್ಕೆಲ್ಲಿ ಕೂರುತ್ತೆ!’

ನಗಬೇಡಿ, ನೀವೂ ಹಿಂಗೇ ಮಾಡಿದ್ದೀರಿ. ಆ ಲೆನ್ಸಿನ ಮೌಂಟಿಗೆ ಎಂ42 ಅಂತಾರೆ, ಅಂದ್ರೆ 42 ಮಿಲಿಮೀಟರ್ ಅಗಲದ ತಿರುಪು, ಅಷ್ಟೇ. ನಿಕಾನ್‌ಗೂ ಒಂದು ರಿಂಗ್ ಸಿಗುತ್ತೆ, ಹಾಕ್ದೆ. ಆದ್ರೆ ನಿಕಾನ್ ಬಾಡೀಲಿ ಫಿಲ್ಮು ಒಂದು ಮಿಲಿಮೀಟರ್ ಹಿಂದೆ ಕೂರುತ್ತೆ. ಒಂದೇ ಮಿಲಿಮೀಟರ್! ಅಷ್ಟಕ್ಕೇ ಹತ್ತು ಹದಿನೈದು ಮೀಟರ್ ಆಚೆ ಎಲ್ಲ ಮಬ್ಬು. ಏಕಶಿಲೆ ಅಂತ ಹೆಸರಾದ ಮಧುಗಿರಿ ಬೆಟ್ಟ ನನ್ನ ಫೋಟೋದಲ್ಲಿ ರಾಗಿಮುದ್ದೆ ಆಗಿದೆ.

ಈಗ ನೀವು ಜಾಣರಾಗಿದ್ದೀರಿ, ಮೊದಲು ಮೌಂಟ್ ನೋಡ್ತೀರಿ. ಕ್ಯಾನನ್ನೋರು 1987ರಲ್ಲಿ ಹಳೇ ಎಫ್‌ಡಿ ಮೌಂಟನ್ನ ಕೈಬಿಟ್ಟು ಹೊಸದಕ್ಕೆ ಹೋದ್ರು. ಎಫ್‌ಡಿ ಲೆನ್ಸುಗಳು ಅನಾಥವಾದ್ವು, ಬಹಳ ವರ್ಷ ಕೇಳೋರಿರಲಿಲ್ಲ. (ಈಗ ಮಿರರ್‌ಲೆಸ್ ಹುಡುಗ್ರು ಅಡಾಪ್ಟರ್ ಹಾಕ್ಕೊಂಡು ಅದಕ್ಕೂ ರೇಟ್ ಏರಿಸಿದ್ದಾರೆ.) ನಿಕಾನ್ 1959ರಲ್ಲಿ ಕಟ್ಟಿದ ಮೌಂಟಿನ ಸಂಬಂಧ ದಶಕಗಟ್ಟಲೆ ಮುರೀಲಿಲ್ಲ, ಅದಕ್ಕೇ ಅದರ ರೇಟ್ ಇಳಿಯಲ್ಲ. ಆದ್ರೂ 1977ಕ್ಕಿಂತ ಹಳೇದನ್ನ ವಿಚಾರಿಸದೆ ಸಿಕ್ಕಿಸಬೇಡಿ. ಕೆಲವು ಬಾಡಿಗಳ ಮೌಂಟ್ ಪಕ್ಕದ ಪುಟ್ಟ ಕಡ್ಡಿ ಮುರಿಯುತ್ತೆ. ಅಗ್ಗಕ್ಕೆ ಬೇಕಾ? 50 ಎಂಎಂ 1.8 ಹಿಡೀರಿ. ಒಂದು ಕಾಲಕ್ಕೆ ಬಾಡಿ ಜತೆ ಅದನ್ನೇ ಕೊಡ್ತಿದ್ರು, ಊರ ತುಂಬ ಇದೆ. ನಿಮ್ಮ ಹತ್ರಾನೂ ಎರಡಿದೆ.

ಎರಡಲ್ವಾ? ಮೂರಾ! ಸರಿ ಹೋಯ್ತು.

ಈಗ ನಿಜ ಹೇಳಿ. ಕ್ಯಾಮೆರಾದೊಳಗಿರೋ ರೋಲು ಯಾವಾಗ ಹಾಕಿದ್ದು? ಯುಗಾದೀಲಾ? 36ರಲ್ಲಿ ಎಷ್ಟು ತೆಗೆದ್ರಿ? ಹನ್ನೊಂದು. ಅದರಲ್ಲೂ ನಾಲ್ಕು ಹೊಸ ಲೆನ್ಸ್ ಟೆಸ್ಟ್ ಮಾಡೋಕೆ ಮನೆ ಗೋಡೆಯ ಕ್ಯಾಲೆಂಡರಿಂದು. ಯಾಕೆ ಮಿತ ಅಂತ ನಂಗೊತ್ತು. ಕಲರ್ ರೋಲು, ತೊಳೆಸೋದು, ಸ್ಕ್ಯಾನು ಎಲ್ಲ ಸೇರಿ ಸಾವಿರ ದಾಟುತ್ತೆ. ಸಾವಿರ ರೂಪಾಯಿ ಫಿಲ್ಮಿಗೆ ಲೆಕ್ಕ ಹಾಕೋರು 1200ರ ಲೆನ್ಸಿಗೆ ಬಸ್ ಹತ್ತಿ ಹೋಗ್ತೀರಿ! ತೀತಾ ಜಲಾಶಯ ಗೊರವನಹಳ್ಳಿ ಪಕ್ಕದಲ್ಲೇ ಇದೆ. ಅದರ ಒಂದು ಫೋಟೋ ತೆಗೆದ್ರಾ? ಇಲ್ಲ. ಕ್ಯಾಮೆರಾನೇ ಒಯ್ದಿರಲಿಲ್ಲ. ಟಾರ್ಚ್ ಒಯ್ದಿದ್ರಿ.

ಮನೇಲಿ ಏನಂದ್ರಿ? ನಾನು ಅನ್ನೋದೇ ಅಂದಿರ್ತೀರಿ. ‘ಏನ್ರೀ ಇದು, ಹೊಸದಾ?’ ಅಂತ ಹೆಂಡ್ತಿ ಕೇಳ್ತಾರೆ. ‘ಇಲ್ಲ ಕಣೇ, ಹಳೇದು’ ಅಂತೀವಿ. ಸುಳ್ಳೇನಿದೆ ಅದರಲ್ಲಿ?

ಅಂದ ಹಾಗೆ, ನಿಮ್ಮದು ಪೆಂಟಾಕ್ಸ್ ಬಾಡಿ ಅಲ್ವಾ? ಅದಕ್ಕೆ ತಿರುಪಿನ ಲೆನ್ಸು ಒಂದು ತೆಳು ರಿಂಗ್ ಹಾಕಿದ್ರೆ ಲಕ್ಷಣವಾಗಿ ಕೂರುತ್ತೆ, ಬೆಟ್ಟ ಬೆಟ್ಟದ ಥರಾನೇ ಬರುತ್ತೆ. ನನ್ನ ಹತ್ರ ಒಂದು 135 ಇದೆ. ಹದಿನೈದು ಎಲೆ, ಬೂಷ್ಟಿಲ್ಲ, ಒಣ ಸೀಮೇದು. ಭಾನುವಾರ ಬನ್ನಿ, ಟಾರ್ಚ್ ತನ್ನಿ. 1500 ಅಂತೀನಿ, ನೀವು ವಸಿ ಚೌಕಾಸಿ ಮಾಡಿ.