ಅಜ್ಞಾತತಾಣ ಮೀಮಾಂಸೆ

ಪ್ರವಾಸಶಾಸ್ತ್ರದಲ್ಲಿ ಇನ್ನೂ ಬಗೆಹರಿಯದ ಮೂಲಪ್ರಶ್ನೆ ಒಂದೇ: ಯಾರಿಗೂ ಗೊತ್ತಿಲ್ಲದ ಜಾಗ ಯಾವುದು ಎಂಬುದು ಎಲ್ಲರಿಗೂ ಗೊತ್ತಾಗುವುದು ಹೇಗೆ? ಗೈಡ್‌ಬುಕ್ಕುಗಳು ಇದನ್ನು ಎತ್ತಿಕೊಂಡಿಲ್ಲ. ಉತ್ತರ ಅಚ್ಚಾಗುವಷ್ಟರಲ್ಲೇ ಸುಳ್ಳಾಗುತ್ತದೆ ಎಂಬ ಭಯ ಅವಕ್ಕೆ ಇದ್ದೀತು. ಲೋನ್ಲಿ ಪ್ಲಾನೆಟ್ 1973ರಲ್ಲಿ ಮೊದಲ ಪುಸ್ತಕ ಹೊರತಂದಾಗಿನಿಂದ ಈ ಸಂಕಟ ಬೆಳೆಯುತ್ತಲೇ ಬಂದಿದೆ. ಇಂಥ ಪುಸ್ತಕ ಹಿಡಿದು ಗೋಕರ್ಣದ ಓಂ ಬೀಚಿಗೆ ಏಕಾಂತ ಹುಡುಕಿ ಬಂದವರಿಗೆ ಸಿಕ್ಕಿದ್ದು ಅದೇ ಪುಸ್ತಕ ಹಿಡಿದ ಇನ್ನಷ್ಟು ಮಂದಿ. ಪೂರ್ವಸೂರಿಗಳು ಬಿಟ್ಟುಹೋದ ಈ ಕೊರತೆಯನ್ನು ತುಂಬುವ ವಿನಮ್ರ ಯತ್ನವೇ ಪ್ರಸ್ತುತ ಪ್ರಬಂಧ. ವಿನಮ್ರ ಎಂಬುದು ರೂಢಿಯ ಮಾತು, ಹೆಚ್ಚು ಲಕ್ಷ್ಯ ಕೊಡಬೇಕಾಗಿಲ್ಲ.

ಮೊದಲು ಲಕ್ಷಣ. ಯಾವ ಲಕ್ಷಣಕ್ಕೂ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ಅಂಟಬಾರದೆಂದು ತಾರ್ಕಿಕರ ಕಟ್ಟಳೆ. ‘ಯಾರೂ ಕಾಲಿಡದ ಸ್ಥಳವೇ ಅಜ್ಞಾತತಾಣ’ ಎಂಬುದು ಪೂರ್ವಪಕ್ಷ. ಇದು ಅಸಂಭವ. ಯಾರೂ ಕಾಲಿಡದಿದ್ದರೆ, ಬಂಡೆಯ ತುದಿಯಲ್ಲಿ ಕೈ ಚಾಚಿ ನಮಗೆ ಬೆನ್ನು ತೋರಿಸಿ ನಿಂತಿರುವ ಆ ಹುಡುಗ ಯಾರು, ಅವನ ಫೋಟೊ ತೆಗೆದವರು ಯಾರು? ‘ಗೈಡ್‌ಬುಕ್ಕಿನಲ್ಲಿ ಇಲ್ಲದ್ದು’ ಎನ್ನೋಣವೆಂದರೆ ಅತಿವ್ಯಾಪ್ತಿ. ಕಡೂರಿನಲ್ಲಿರುವ ನಮ್ಮ ಭಾವನ ಮನೆಯ ಹಿತ್ತಿಲು ಯಾವ ಗೈಡ್‌ಬುಕ್ಕಿನಲ್ಲೂ ಇಲ್ಲ. ಅಲ್ಲಿಗೆ ಹೋಗಿರೆಂದು ನಾನು ಯಾರಿಗೂ ಹೇಳುವುದಿಲ್ಲ. ಭಾವನಂತೂ ಹೇಳುವುದೇ ಇಲ್ಲ. ‘ಜನಜಂಗುಳಿ ಇಲ್ಲದ್ದು’ ಎಂದರೆ ಅವ್ಯಾಪ್ತಿ, ಏಕೆಂದರೆ ಶನಿವಾರ ಎರಡು ಕಿಲೋಮೀಟರ್ ಟ್ರಾಫಿಕ್ ಜಾಮ್ ಆಗುವ ಎಷ್ಟೋ ಜಲಪಾತಗಳು ಇಂದಿಗೂ ಅಧಿಕೃತವಾಗಿ ಅಜ್ಞಾತವೇ. ದೋಷಗಳೆಲ್ಲ ಕಳೆದು ನಿಲ್ಲುವ ಸಿದ್ಧಾಂತಲಕ್ಷಣ ಇದು: ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟರೆ ಸೋಮವಾರ ಬೆಳಗ್ಗೆ ಆಫೀಸಿಗೆ ಮರಳುವಷ್ಟು ದೂರದಲ್ಲಿದ್ದು, ಆ ಊರಿನವರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲದ ಸ್ಥಳವು ಅಜ್ಞಾತತಾಣ.

ಊರಿನವರನ್ನು ಲೆಕ್ಕದಿಂದ ಬಿಡುವುದು ನನ್ನ ಕಲ್ಪನೆಯಲ್ಲ, ಅದಕ್ಕೆ ಘನ ಪರಂಪರೆ ಇದೆ. 1900ರಲ್ಲಿ ರಾಬರ್ಟ್ ಸೀವೆಲ್ ವಿಜಯನಗರದ ಬಗ್ಗೆ ಬರೆದ ಗ್ರಂಥಕ್ಕೆ ‘ಎ ಫರ್ಗಾಟನ್ ಎಂಪೈರ್’ ಎಂದು ಹೆಸರಿಟ್ಟರು. ಗ್ರಂಥ ದೊಡ್ಡದೇ, ಪೋರ್ಚುಗೀಸರಾದ ಪಾಯೆಸ್, ನೂನಿಜರ ಬರಹಗಳನ್ನು ಇಂಗ್ಲಿಷಿಗೆ ತಂದ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅವರು ಬರೆಯುವ ಹೊತ್ತಿಗೂ ಹಂಪಿಯಲ್ಲಿ ವಿರೂಪಾಕ್ಷನಿಗೆ ಪೂಜೆ ನಡೆದೇ ಇತ್ತು. ಮರೆತವರು ಯಾರು ಎಂದು ಗುಡಿಗೆ ಬಂದವರನ್ನು ಕೇಳುವ ಪದ್ಧತಿ ಆಗ ಇರಲಿಲ್ಲ. ಈಗಲೂ ಇಲ್ಲ.

ಇದಕ್ಕಿಂತ ಬಲವಾದ ನಿದರ್ಶನ ಕಲಬುರಗಿ ಜಿಲ್ಲೆಯ ಸನ್ನತಿ. ಭೀಮಾ ತೀರದ ಈ ಊರಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿಯ ಗುಡಿಯೊಂದಿತ್ತು. 1980ರ ದಶಕದಲ್ಲಿ ಅದರ ಚಾವಣಿ ಕುಸಿಯಿತು. ಕಲ್ಲುಮಣ್ಣು ಸರಿಸಿ ನೋಡಿದರೆ ದೇವಿಯ ಪೀಠವಾಗಿ ಕೂತಿದ್ದ ಚಪ್ಪಡಿ ಅಶೋಕನ ಶಾಸನ! ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಮುಂದೆ ಅಶೋಕನ ಶಿಲ್ಪವೇ ಸಿಕ್ಕಿತು, ಅವನ ಹೆಸರನ್ನೂ ಕೆತ್ತಿಟ್ಟಿದ್ದಾರೆ. ಯಾವ ಸಾಮ್ರಾಟನ ಮಾತಿಗಾಗಿ ವಿದ್ವಾಂಸರು ಬೆಟ್ಟಗುಡ್ಡ ಅಲೆಯುತ್ತಿದ್ದರೋ ಆ ಮಾತಿಗೆ ಇಲ್ಲಿ ತಿಳಿಯದೆಯೇ ಮಂಗಳಾರತಿ ಸಲ್ಲುತ್ತಿತ್ತು. ಚಾವಣಿ ಕುಸಿಯುವುದನ್ನು ಸಂಶೋಧನಾ ವಿಧಾನವೆಂದು ಶಿಫಾರಸು ಮಾಡುವಂತಿಲ್ಲವಾದರೂ ಫಲಿತಾಂಶ ಮಾತ್ರ ಪ್ರಶ್ನಾತೀತ.

ಇನ್ನು ಪ್ರಮಾಣವಿಚಾರ. ಅಜ್ಞಾತತಾಣವನ್ನು ಅರಿಯುವ ದಾರಿಗಳು ನಾಲ್ಕು. ಪ್ರತ್ಯಕ್ಷವನ್ನು ಮೂವತ್ತು ಸೆಕೆಂಡಿನ ರೀಲ್ ನುಂಗಿಹಾಕಿದೆ, ಅದರ ಚರ್ಚೆ ವ್ಯರ್ಥ. ಅನುಮಾನ ಇನ್ನೂ ಬಳಕೆಯಲ್ಲಿದೆ. ಹಿಂದಿನ ನೈಯಾಯಿಕರು ಹೊಗೆ ಕಂಡು ಗುಡ್ಡದ ಮೇಲೆ ಬೆಂಕಿಯಿದೆ ಎಂದರು. ಇಂದಿನ ಪ್ರಯೋಗ ಹೀಗೆ: ಈ ಗುಡ್ಡದಲ್ಲಿ ವ್ಯೂಪಾಯಿಂಟ್ ಇದೆ, ಇದು ಪ್ರತಿಜ್ಞೆ, ಮ್ಯಾಗಿ ಗಾಡಿ ನಿಂತಿರುವುದರಿಂದ, ಇದು ಹೇತು, ಎಲ್ಲೆಲ್ಲಿ ಮ್ಯಾಗಿಯೋ ಅಲ್ಲಲ್ಲಿ ವ್ಯೂಪಾಯಿಂಟ್, ನಂದಿಬೆಟ್ಟದ ದಾರಿಯಲ್ಲಿರುವಂತೆ, ಇದು ಉದಾಹರಣೆ. ಮ್ಯಾಗಿ ಬಂದ ಮೇಲೆ ಅದು ಅಜ್ಞಾತ ಹೇಗಾದೀತು ಎಂದು ಆಕ್ಷೇಪಿಸುವವರಿದ್ದಾರೆ. ಅವರು ಹಸಿದ ಹೊಟ್ಟೆಯಲ್ಲಿ ವಾದಿಸುತ್ತಿದ್ದಾರೆ.

ಮೂರನೆಯದಾದ ಉಪಮಾನವೇ ಈ ಶಾಸ್ತ್ರದ ಜೀವಾಳ. ಗವಯವೆಂಬ ಕಾಡುಪ್ರಾಣಿಯನ್ನು ಕಾಣದವನಿಗೆ ‘ಅದು ಹಸುವಿನಂತಿರುತ್ತದೆ’ ಎಂದು ಹೇಳಿಕೊಡುವುದು ಪ್ರಾಚೀನರ ಕ್ರಮ. ಕಂಡದ್ದರಿಂದ ಕಾಣದ್ದರ ಕಡೆಗೆ ನಡಿಗೆ. ಪ್ರವಾಸಶಾಸ್ತ್ರ ಇದನ್ನು ತಿರುಗಿಸಿಟ್ಟಿತು. ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಎನ್ನುವವರಲ್ಲಿ ಬಹುಪಾಲು ಜನ ಸ್ಕಾಟ್ಲೆಂಡನ್ನು ಕಂಡವರಲ್ಲ. ಅಲ್ಲಿನವರು ತಮ್ಮ ನಾಡನ್ನು ಯುರೋಪಿನ ಕೊಡಗು ಎಂದು ಕರೆದುಕೊಂಡದ್ದಕ್ಕೆ ಪುರಾವೆ ಈವರೆಗೆ ದೊರೆತಿಲ್ಲ. ಆಂಧ್ರದ ಗಂಡಿಕೋಟೆ ಭಾರತದ ಗ್ರ್ಯಾಂಡ್ ಕ್ಯಾನ್ಯನ್ ಆಯಿತು. ಪೆನ್ನಾರ್ ನದಿಗೆ ತಾನು ಕಡಿದ ಕಮರಿಗೆ ಸ್ವಂತ ಹೆಸರೂ ದಕ್ಕಲಿಲ್ಲ. ಆಗುಂಬೆಯ ಪ್ರಕರಣ ಇನ್ನೂ ಜಟಿಲ. ಅದು ದಕ್ಷಿಣದ ಚಿರಾಪುಂಜಿ. ಆದರೆ ಚಿರಾಪುಂಜಿಯನ್ನು ವಾರ್ಷಿಕ ಸರಾಸರಿಯಲ್ಲಿ ಪಕ್ಕದ ಮೌಸಿನ್‌ರಾಮ್ ಹಿಂದಿಕ್ಕಿದೆ. ಇತ್ತ ಆಗುಂಬೆಗಿಂತ ಹೊಸನಗರ ತಾಲ್ಲೂಕಿನ ಹುಲಿಕಲ್‌ನಲ್ಲೇ ಹೆಚ್ಚು ಮಳೆ ಸುರಿದ ವರ್ಷಗಳಿವೆ. ಅಂದಮೇಲೆ ಹುಲಿಕಲ್ಲನ್ನು ದಕ್ಷಿಣದ ಮೌಸಿನ್‌ರಾಮ್ ಎನ್ನಬೇಕಷ್ಟೆ. ಯಾರೂ ಅನ್ನುತ್ತಿಲ್ಲ. ಆದ್ದರಿಂದಲೇ ಹುಲಿಕಲ್ ನೆಮ್ಮದಿಯಾಗಿ ನೆನೆಯುತ್ತಿದೆ.

ನಾಲ್ಕನೆಯದು ಶಬ್ದ, ಅಂದರೆ ಆಪ್ತವಾಕ್ಯ. ಇಲ್ಲಿ ಆಪ್ತರೆಂದರೆ ಬಸ್ ಕಂಡಕ್ಟರು, ಚಹಾ ಅಂಗಡಿಯವರು, ಗುಡಿಯ ಕಟ್ಟೆಯ ಮೇಲೆ ಕೂತ ಹಿರಿಯರು. ಆಪ್ತವಾಕ್ಯದ ಮುಖ್ಯ ತೊಡಕು ಅಳತೆಯದು. ‘ಇಲ್ಲೇ ಮುಂದೆ’ ಎಂದರೆ ಮೂರು ಕಿಲೋಮೀಟರ್. ‘ಸ್ವಲ್ಪ ದೂರ ಆಗ್ತದೆ’ ಎಂದರೆ ವಾಪಸ್ ಹೋಗುವುದು ಕ್ಷೇಮ. ಎರಡನೆಯ ತೊಡಕು ಬೀಗದ ಕೈ. ಹೊಯ್ಸಳ, ಚಾಲುಕ್ಯರ ಸಣ್ಣ ಗುಡಿಗಳಿಗೆ ಬೀಗ ಹಾಕಿರುತ್ತದೆ. ಬೀಗದ ಕೈ ಪೂಜಾರರ ಮನೆಯಲ್ಲಿ, ಪೂಜಾರರು ಸಂತೆಯಲ್ಲಿ, ಸಂತೆ ಪಕ್ಕದ ಊರಿನಲ್ಲಿ. ಈ ಮೂರು ಕೊಂಡಿಗಳನ್ನು ದಾಟಿದವನೇ ನಿಜವಾದ ಅಧಿಕಾರಿ.

ಈ ಶಾಸ್ತ್ರಕ್ಕೆ ದೊಡ್ಡ ಸವಾಲು ಹಾಕಿರುವುದು ದೊಡ್ಡಗದ್ದವಳ್ಳಿ. ಹಾಸನದಿಂದ ಬೇಲೂರಿಗೆ ಹೋಗುವ ಟೂರಿಸ್ಟ್ ಬಸ್ಸುಗಳು ಅದರ ತಿರುವನ್ನು ದಾಟಿಕೊಂಡೇ ಓಡುತ್ತವೆ. ಅಲ್ಲಿನ ಲಕ್ಷ್ಮೀದೇವಿ ಗುಡಿ ಬೇಲೂರಿನ ಚೆನ್ನಕೇಶವನಿಗಿಂತ ಹಳೆಯದು, 1113ರ ಸುಮಾರಿನದು. ಕಟ್ಟಿಸಿದವನು ರಾಜನಲ್ಲ, ಕುಲ್ಹಣ ರಾಹುತನೆಂಬ ವರ್ತಕ, ಜೊತೆಗೆ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿ, ಒಂದರಲ್ಲಿ ಕಾಳಿ, ಅವಳ ಬಾಗಿಲಲ್ಲಿ ಎಲುಬುಗೂಡಿನ ಬೇತಾಳಗಳ ಕಾವಲು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು, ಇದು ಸೇರಲಿಲ್ಲ. ಹೆದ್ದಾರಿಗೆ ಇಷ್ಟು ಹತ್ತಿರವಿದ್ದೂ ಅಜ್ಞಾತವಾಗಿರುವುದು ಶಾಸ್ತ್ರಸಮ್ಮತವಲ್ಲ. ಅಜ್ಞಾತತಾಣಕ್ಕೆ ಕೆಟ್ಟ ರಸ್ತೆ ಇರಲೇಬೇಕು. ಹಾಗಾಗಿ ಇದನ್ನು ನಮ್ಮ ವರ್ಗೀಕರಣದಿಂದ ಕೈಬಿಡಲಾಗಿದೆ.

ಅಜ್ಞಾತತಾಣದ ಆಯುಷ್ಯ ಅಲ್ಪ. ಯಾಣದ ಕಪ್ಪು ಬಂಡೆಗಳನ್ನು ‘ನಮ್ಮೂರ ಮಂದಾರ ಹೂವೆ’ ಸಿನಿಮಾ ಮನೆಮನೆಗೆ ತಲುಪಿಸಿತು. ಆಗ ಒಂದು ಜಾಗ ಪ್ರಸಿದ್ಧವಾಗಲು ಸಿನಿಮಾವೇ ಬೇಕಿತ್ತು, ಹಾಡುಗಳೂ ಬೇಕಿದ್ದವು. ಈಗ ಒಬ್ಬನಿಗೆ ಸಿಗ್ನಲ್ ಸಿಕ್ಕರೆ ಸಾಕು. 2024ರ ಜನವರಿಯ ಕೊನೆಗೆ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯೇ ನೆರೆದು, ಆನ್‌ಲೈನ್ ಟಿಕೆಟ್ ಇಲ್ಲದ ಚಾರಣಗಳನ್ನು ಅರಣ್ಯ ಇಲಾಖೆ ನಿಲ್ಲಿಸಬೇಕಾಯಿತು. ಏಕಾಂತಕ್ಕೂ ಈಗ ಮುಂಗಡ ಬುಕಿಂಗ್ ಇದೆ. ತಾಣ ತೀರಿಕೊಂಡ ಗುರುತೆಂದರೆ ಅಲ್ಲಿ ಸಿಗುವ ಆಧುನಿಕ ಶಿಲಾಶಾಸನ. ಒಂದು ಮಾದರಿಯ ವಿವರ: ಸ್ಥಳ, ನೆತ್ತಿಯ ಬಂಡೆ, ಲಿಪಿ ಕನ್ನಡ, ಭಾಷೆ ಇಂಗ್ಲಿಷ್, ಲಾಂಛನ, ಬಾಣ ನಾಟಿದ ಹೃದಯ, ಪಾಠ, ‘ರಾಜು ಲವ್ಸ್ ಮಂಜು’, ಮಾಧ್ಯಮ, ಬಿಳಿ ಆಯಿಲ್ ಪೇಂಟ್. ಶಾಪಾಶಯ ಇಲ್ಲ. ಬೇಕಾಗಿತ್ತು.

ಓದುಗರಲ್ಲಿ ಒಂದು ಕೋರಿಕೆ. ಇಷ್ಟಾದ ಮೇಲೂ ಹೊರಡುವುದಾದರೆ ಗಂಗಾವತಿ ಕಡೆಯ ಹಿರೇಬೆಣಕಲ್ ಗುಡ್ಡ ಹತ್ತಿ. ಅಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಕಲ್ಲುಮನೆಗಳಿವೆ. ನೆರಳಿಲ್ಲ, ಮ್ಯಾಗಿಯನ್ನೂ ನಂಬಿಕೊಳ್ಳಬೇಡಿ. ಬೆಳಗ್ಗೆ ಬೇಗ ಹೋಗಿ, ನೀರು ಒಯ್ದು ಬಾಟಲಿ ವಾಪಸ್ ತನ್ನಿ. ದಾರಿಯನ್ನು ಊರಿನವರನ್ನೇ ಕೇಳಿ, ಕಾರಿನ ಗಾಜು ಇಳಿಸಿ ಕೇಳಬೇಡಿ, ಕಾರಿನಿಂದ ಇಳಿದು ಕೇಳಿ. ‘ಇಲ್ಲೇ ಮುಂದೆ’ ಎಂದರೆ ಮೂರು ಕಿಲೋಮೀಟರ್ ಎಂಬುದು ಮಾತ್ರ ನೆನಪಿರಲಿ.