ಐಚ್ಛಿಕ ಪಂಡಿತ

ವ್ಯಾಕರಣವೊಂದಕ್ಕೇ ಹನ್ನೆರಡು ವರ್ಷ ಬೇಕೆಂದು ನಂಬಿ, ಆ ಹನ್ನೆರಡು ಮುಗಿದ ಮೇಲೂ ಸಭೆಯಲ್ಲಿ ಬಾಯಿ ತೆರೆಯಲು ಅಂಜುತ್ತಿದ್ದ ವಿದ್ವಾಂಸರನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ವಾರಕ್ಕೆ ಮೂರು ಗಂಟೆಯಂತೆ ಒಂದು ಷಣ್ಮಾಸ ಕುಳಿತೆದ್ದು, ಅದರಲ್ಲಿಯೂ ಶೇಕಡ 75ರ ಹಾಜರಾತಿಯ ಗಡಿಯನ್ನು ಕೂದಲೆಳೆಯಷ್ಟೇ ದಾಟಿ, ಆ ಶಾಸ್ತ್ರದಲ್ಲಿ ತಾನಿನ್ನು ಕೇಳಬೇಕಾದುದೇನೂ ಉಳಿದಿಲ್ಲವೆಂಬ ನಿಶ್ಚಯದೊಡನೆ ಮನೆಗೆ ಬರುವ ವಿದ್ವಾಂಸನನ್ನು ವಾರ್ಧಕ್ಯದಲ್ಲಿ ಕಾಣುತ್ತಿದ್ದೇನೆ. ಈತನಿಗೆ ನಾನಿಟ್ಟಿರುವ ಹೆಸರು ಐಚ್ಛಿಕ ಪಂಡಿತ. ಊರಿಗೆ ಹತ್ತು ಮಂದಿಯಾದರೂ ಇರುವ ಈ ಸಂತತಿಯಲ್ಲಿ ನನ್ನ ಪಾಲಿಗೆ ಬಂದವನು ನನ್ನ ತಂಗಿಯ ಮಗ.

ಈ ವಂಶದ ಮೂಲಪುರುಷನನ್ನು ಅರಸುತ್ತ ಹೊರಟರೆ, 1869ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷನಾಗಿ ನಾಲ್ವತ್ತು ವರ್ಷ ಆ ಪೀಠದಲ್ಲಿದ್ದು, ವಿದ್ಯಾರ್ಥಿಯು ತನಗೆ ಬೇಕಾದುದನ್ನು ತಾನೇ ಆರಿಸಿ ಓದಲೆಂಬ ಪದ್ಧತಿಯನ್ನು ಹಟತೊಟ್ಟು ಬೆಳೆಸಿದ ಚಾರ್ಲ್ಸ್ ಎಲಿಯಟ್ ಎಂಬ ಮಹನೀಯನ ಸನ್ನಿಧಿಯನ್ನು ಸೇರುತ್ತೇವೆ. ಆ ಗಂಗೆಯ ಒಂದು ಕವಲು, 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕವು 2021-22ರಲ್ಲಿ ಪದವಿ ತರಗತಿಗಳಿಗೆ ಅನ್ವಯಿಸಿದಾಗ ನಮ್ಮ ಮನೆಯ ಅಂಗಳಕ್ಕೇ ಹರಿದು ಬಂದಿತು. ಆಗಿನ ಕಟ್ಟಳೆಯಂತೆ ಮೊದಲ ನಾಲ್ಕು ಷಣ್ಮಾಸಗಳಲ್ಲಿ ಒಂದೊಂದು ‘ಓಪನ್ ಇಲೆಕ್ಟಿವ್’, ಅದೂ ತನ್ನ ಮುಖ್ಯ ವಿಷಯದ ಬೇಲಿಯ ಹೊರಗಿನದು, ತಲಾ ಮೂರು ಕ್ರೆಡಿಟ್. ನಮ್ಮ ಹುಡುಗನ ಮುಖ್ಯ ವಿಷಯ ಯಾವುದೆಂಬುದು ಮಾತ್ರ ಮನೆಯಲ್ಲಿ ಯಾರಿಗೂ ಇಂದಿಗೂ ತಿಳಿಯದು. ಕೇಳಿದರೆ, ‘ಅದು ಇದ್ದೇ ಇರುತ್ತಲ್ಲ ಮಾವ’ ಎನ್ನುತ್ತಾನೆ.

ಐಚ್ಛಿಕವೆಂದ ಮೇಲೆ ಇಚ್ಛೆಯಿರಬೇಕಷ್ಟೆ. ಆ ಇಚ್ಛೆಯು ಯಾವ ಮಾರ್ಗದಲ್ಲಿ ಸಂಚರಿಸುತ್ತದೆಂಬುದನ್ನು, ಅವನು ಹೆಸರು ನೋಂದಾಯಿಸುವ ದಿನ ಜೊತೆಯಲ್ಲಿ ಹೋಗಿದ್ದ ನಾನು ಕಣ್ಣಾರೆ ಕಂಡೆನು. ಪಠ್ಯದಲ್ಲಿ ಏನಿದೆಯೆಂದು ಅಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ತರಗತಿ ಎಷ್ಟು ಗಂಟೆಗೆ, ಕೊಠಡಿ ಯಾವ ಮಹಡಿಯಲ್ಲಿ, ಪಾಠ ಹೇಳುವವರು ಆಂತರಿಕ ಅಂಕಗಳಲ್ಲಿ ಕರ್ಣನ ವಂಶದವರೋ ಅಥವಾ ಶೈಲಾಕನ ಗೋತ್ರದವರೋ, ಗೆಳೆಯರಲ್ಲಿ ಎಷ್ಟು ಜನ ಅದಕ್ಕೇ ಸೇರುತ್ತಿದ್ದಾರೆ, ಇವೇ ಅಲ್ಲಿನ ಪ್ರಸ್ಥಾನತ್ರಯಕ್ಕೆ ಒಂದು ಹೆಚ್ಚಾದ ಪ್ರಮಾಣಗಳು. ಬೆಳಿಗ್ಗೆ ಎಂಟರ ಪತ್ರಿಕೆ ಬ್ರಹ್ಮವಿದ್ಯೆಯೇ ಆಗಿದ್ದರೂ ತ್ಯಾಜ್ಯ. ಹನ್ನೊಂದೂವರೆಯದು ಕೋಳಿಸಾಕಣೆಯಾಗಿದ್ದರೂ ಗ್ರಾಹ್ಯ.

ಈ ನ್ಯಾಯದಿಂದ ಮೊದಲ ಷಣ್ಮಾಸದಲ್ಲಿ ಭೌತವಿಜ್ಞಾನ ಅವನ ವಶವಾಯಿತು. ಕೋಣೆಯಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದ ಬಟ್ಟೆಬರೆಯನ್ನು ತೆಗೆದಿಡೆಂದು ತಂಗಿ ಗದರಿದಾಗ, ಜಗತ್ತಿನಲ್ಲಿ ಅವ್ಯವಸ್ಥೆಯು ಹೆಚ್ಚುತ್ತ ಹೋಗುವುದೇ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವೆಂದೂ, ಅದಕ್ಕೆ ಕ್ಲಾಸಿಯಸ್ ಎಂಬಾತನು 1865ರಲ್ಲಿಯೇ ಎಂಟ್ರೊಪಿ ಎಂದು ಹೆಸರಿಟ್ಟಿದ್ದಾನೆಂದೂ ಮಲಗಿದ್ದಲ್ಲಿಂದಲೇ ಉಪನ್ಯಾಸವಿತ್ತನು. ಹೊರಗಿನದು ಯಾವುದೂ ಒಳಸೇರದ ವ್ಯವಸ್ಥೆಗೆ ಮಾತ್ರ ಆ ನಿಯಮ ಎಂಬ ಉಪವಾಕ್ಯವನ್ನು ಅವನು ಬಿಟ್ಟಿದ್ದನು. ನನ್ನ ತಾಯಿ ಪೊರಕೆ ಹಿಡಿದು ಒಳಸೇರಿದ ಮೇಲೆ ಅದು ಅವನಿಗೆ ನೆನಪಾಯಿತು.

ಎರಡನೆಯದು ವಾಣಿಜ್ಯ. ಅದರ ಫಲವನ್ನು ಉಂಡವನು ನಾನು. ದಸರಾ ರಜೆಯಲ್ಲಿ ಕೊಟ್ಟ ಐನೂರು ರೂಪಾಯಿಯನ್ನು ಸಂಕ್ರಾಂತಿ ಕಳೆದ ಮೇಲೆ ಮೆಲ್ಲನೆ ನೆನಪಿಸಿದೆ. ಅವನು ಕಿಂಚಿತ್ತೂ ವಿಚಲಿತನಾಗದೆ, ‘ಪಡೆದವನ ಹೆಸರಿಗೆ ಖರ್ಚು, ಕೊಟ್ಟವನ ಹೆಸರಿಗೆ ಜಮಾ, ಇದು ನಿಯಮ ಮಾವ. ನಿಮ್ಮ ಪುಸ್ತಕದಲ್ಲಿ ನಾನು ಸಾಲಗಾರ. ಸಾಲಗಾರ ಅಂದರೆ ಸಾಲ ಕೊಟ್ಟವನ ಆಸ್ತಿ. ನಾನು ಹಣ ವಾಪಸು ಕೊಟ್ಟರೆ ಆ ಆಸ್ತಿ ನಿಮ್ಮ ಕೈಬಿಟ್ಟು ಹೋಗುತ್ತೆ’ ಎಂದನು. ಕೈಗೆ ಬರುವ ನಗದೂ ಆಸ್ತಿಯೇ ಅಲ್ಲವೆ ಎಂಬ ಉತ್ತರ ನನಗೆ ಹೊಳೆದದ್ದು ಮರುದಿನ ಸ್ನಾನದ ಮನೆಯಲ್ಲಿ. ಅಷ್ಟರಲ್ಲಿ ಅವನು ನನ್ನ ಆಸ್ತಿಯನ್ನು ಇನ್ನೂ ಇನ್ನೂರರಷ್ಟು ವೃದ್ಧಿಪಡಿಸಿ ಬಸ್ಸು ಹತ್ತಿದ್ದನು.

ಆದರೆ ಅವನ ಪಾಂಡಿತ್ಯವು ಪೂರ್ಣಕಳೆಯಿಂದ ಬೆಳಗಿದುದು ಮೂರನೆಯ ಷಣ್ಮಾಸದ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ. ನಮ್ಮ ಹಿತ್ತಿಲ ತೆಂಗಿನ ಮರವೊಂದು ಬಹುಕಾಲದಿಂದ ಪಕ್ಕದ ಪಟೇಲರ ಅಂಗಳದ ಕಡೆಗೆ ವಾಲಿಕೊಂಡಿದೆ. ಬುಡ ನಮ್ಮದು, ಕಾಯಿ ಬೀಳುವುದು ಅವರಲ್ಲಿ. ಕಾಯಿ ನಮಗೆ ಸೇರಬೇಕೆಂದು ನಾವು, ಮುರಿದ ಹೆಂಚಿನ ಬೆಲೆ ತಮಗೆ ಸೇರಬೇಕೆಂದು ಅವರು, ಹೀಗೆ ಇಪ್ಪತ್ತು ವರ್ಷಗಳಿಂದ ಎರಡು ಮನೆಗಳೂ ನೆಮ್ಮದಿಯಾಗಿ ಜಗಳವಾಡಿಕೊಂಡಿದ್ದೆವು. ರಜೆಗೆ ಬಂದ ಪಂಡಿತನು ಇದನ್ನು ಕೇಳಿದೊಡನೆ ಹಾಳೆಯ ಮೇಲೆ ವೃತ್ತಗಳನ್ನು ಬರೆದು, ಕೌಟಿಲ್ಯನ ಮಂಡಲ ಸಿದ್ಧಾಂತವನ್ನು ವಿವರಿಸಿದನು: ನಡುವೆ ವಿಜಿಗೀಷು, ಅಂದರೆ ನಾವು; ಗಡಿಗೆ ಹೊಂದಿದವನು ಅರಿ, ಅಂದರೆ ಪಟೇಲರು; ಅರಿಯ ಆಚೆಯವನು ಸಹಜವಾಗಿ ನಮ್ಮ ಮಿತ್ರ, ಅಂದರೆ ಅವರಾಚೆಯ ಮನೆಯ ನಿವೃತ್ತ ಮೇಷ್ಟ್ರು. ಆ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಯಿತೆಂದು ನಾನು ಹೇಳಹೋದರೆ, ಅದೇ ಮೈಸೂರಿನಲ್ಲಿ ಎರಡು ವರ್ಷದಿಂದ ಓದುತ್ತಿದ್ದ ಅವನು, ಅದು ಪ್ರಶ್ನಪತ್ರಿಕೆಯಲ್ಲಿ ಬಂದಿರಲಿಲ್ಲವೆಂದು ಮುಗಿಸಿಬಿಟ್ಟನು. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳೆಂಬ ಷಾಡ್ಗುಣ್ಯದಲ್ಲಿ ಅವನಿಗೆ ಹುಟ್ಟಿನಿಂದಲೇ ಕರಗತವಾಗಿದ್ದುದು ಆಸನವೊಂದೇ. ಆದರೂ ಅಂದು ಎದ್ದು, ಅಂಗಿ ತೊಟ್ಟು, ಮಿತ್ರಸಂಪಾದನೆಗಾಗಿ ಮೇಷ್ಟ್ರ ಮನೆಗೆ ಯಾನವನ್ನೇ ಕೈಕೊಂಡನು.

ಎರಡು ಗಂಟೆಯಾದ ಮೇಲೆ ಹಿಂದಿರುಗಿದನು. ಮುಖದಲ್ಲಿ ಕಳೆಯಿರಲಿಲ್ಲ, ಕೈಯಲ್ಲಿ ಒಬ್ಬಟ್ಟಿನ ಪೊಟ್ಟಣವಿತ್ತು.

‘ಏನಾಯಿತಪ್ಪ?’

‘ಮೇಷ್ಟ್ರು ಪಟೇಲರಿಗೆ ಬೀಗರಂತೆ ಮಾವ. ನಾನು ಹೋದಾಗ ಪಟೇಲರೂ ಅಲ್ಲೇ ಊಟಕ್ಕೆ ಕೂತಿದ್ದರು.’

‘ಕೌಟಿಲ್ಯನು ಬೀಗತನದ ವಿಷಯವಾಗಿ ಏನೂ ಹೇಳಿಲ್ಲವೆ?’

‘ಅದು ಐದನೆಯ ಘಟಕದಲ್ಲಿತ್ತೋ ಏನೋ. ಐದನೆಯದನ್ನು ನಾವು ಚಾಯ್ಸ್‌ನಲ್ಲಿ ಬಿಟ್ಟೆವು.’

ಒಳಗಿನಿಂದ ನನ್ನ ತಾಯಿ, ಒಬ್ಬಟ್ಟು ಕಾಯಿಯದೋ ಬೇಳೆಯದೋ ಎಂದು ಕೇಳಿದರು. ಕಾಯಿಯದೇ. ಅದು ಯಾವ ಮರದ ಕಾಯಿಯೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲವಾದರೂ, ಎಲ್ಲರೂ ಎರಡೆರಡು ತಿಂದೆವು.

ರಾತ್ರಿ ಜಗಲಿಯಲ್ಲಿ ಕುಳಿತಾಗ, ನಾಲ್ಕನೆಯ ಷಣ್ಮಾಸದ ಪಟ್ಟಿಯನ್ನು ತನ್ನ ಫೋನಿನಲ್ಲಿ ನೋಡುತ್ತಿದ್ದವನು ಒಮ್ಮೆಲೇ, ‘ಮಾವ, ಈ ಸಲ ಕಾನೂನಿನ ಪತ್ರಿಕೆಯೂ ಇದೆ. ನೆರೆಯವನ ಜಾಗಕ್ಕೆ ವಾಲಿದ ಮರದ ಸಂಗತಿಯೇ ಒಂದು ಘಟಕ!’ ಎಂದನು. ಇಪ್ಪತ್ತು ವರ್ಷದ ವ್ಯಾಜ್ಯವು ಮೂರು ಕ್ರೆಡಿಟ್ಟಿನಲ್ಲಿ ಇತ್ಯರ್ಥವಾಗುವ ಕಾಲ ಬಂದಿತೆಂದು ಹಿಗ್ಗಿ, ಹಾಗಾದರೆ ಅದಕ್ಕೇ ಸೇರಿಕೊಳ್ಳಪ್ಪ ಎಂದೆನು.

ಅವನು ಪರದೆಯನ್ನು ಇನ್ನಷ್ಟು ಸರಿಸಿ ನೋಡಿ, ನಿಟ್ಟುಸಿರಿಟ್ಟನು. ‘ಬೆಳಿಗ್ಗೆ ಎಂಟಕ್ಕಂತೆ ಮಾವ. ಶಿಲ್ಪಕಲೆ ಹನ್ನೊಂದೂವರೆಗೆ. ಸೋಮನಾಥಪುರಕ್ಕೆ ಕರೆದುಕೊಂಡೂ ಹೋಗುತ್ತಾರೆ.’